ಗದ್ದೆಯ ತೋಳಜೇಡ

ಕೊಡಗಿನ ಕಾಫಿಯ ಗುಡ್ಡಗಳ ನಡುವಣ ಭತ್ತದ ಗದ್ದೆಗಳಲ್ಲಿ ತೋಳಜೇಡವೆಂಬ ಜಂತು ವಾಸಿಸುವುದು. ಇದು ಬಲೆಯನ್ನು ನೇಯದೆ, ಬದುವಿನ ಹುಲ್ಲಿನಲ್ಲಿಯೂ ಪೈರಿನ ಬುಡದಲ್ಲಿಯೂ ಓಡಾಡಿ ಬೇಟೆಯಾಡುವುದು. ಹೆಣ್ಣು ಮೊಟ್ಟೆಯ ಚೀಲವನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡೂ, ಮರಿಗಳನ್ನು ಬೆನ್ನಿನ ಮೇಲೆ ಹೊತ್ತೂ ತಿರುಗುವುದು. ಒಂದು ಜೇಡವು ದಿನಕ್ಕೆ 5 ರಿಂದ 15 ಕೀಟಗಳನ್ನು ತಿನ್ನುವುದು. ಪೈರಿನ ರಸವನ್ನು ಹೀರಿ ಗದ್ದೆಯನ್ನು ಸುಟ್ಟಂತೆ ಒಣಗಿಸುವ ಕಂದು ಜಿಗಿಹುಳುವೂ ಅವುಗಳಲ್ಲೊಂದು. ಕೀಟನಾಶಕದಿಂದ ಜೇಡಗಳು ಸಾಯುವುವು. ಎಲೆಯ ಕವಚದೊಳಗಿರುವ ಜಿಗಿಹುಳುವಿನ ಮೊಟ್ಟೆಗಳಾದರೋ ಉಳಿದು, ಶತ್ರುವಿಲ್ಲದ ಗದ್ದೆಯಲ್ಲಿ ಅದರ ಸಂತಾನವು ಮತ್ತಷ್ಟು ಹೆಚ್ಚುವುದು. ಆದುದರಿಂದ ನಾಟಿಯಾದ ಮೊದಲ 40 ದಿನಗಳಲ್ಲಿ ಅನಾವಶ್ಯಕವಾಗಿ ಔಷಧವನ್ನು ಸಿಂಪಡಿಸಬಾರದು. ಬದುಗಳ ಹುಲ್ಲನ್ನೆಲ್ಲ ಒಮ್ಮೆಗೇ ಸುಡದೆ, ಈ ಜೇಡಕ್ಕೆ ಆಶ್ರಯವನ್ನುಳಿಸತಕ್ಕದ್ದು. ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ರೈತರಿಗೆ ತಿಳಿಯಪಡಿಸತಕ್ಕದ್ದು.