ಅರ್ಧ ಭೂಮಿ ಸುತ್ತಿ ಬಂದ ಅಲೆ

ಎತ್ತರ ಸುಮಾರು ಒಂದು ಮಿಲಿಮೀಟರ್. ಉದ್ದ, ಅಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ದೂರ, ಸುಮಾರು ಒಂದು ಕಿಲೋಮೀಟರ್. ಎತ್ತರದ ಹತ್ತು ಲಕ್ಷ ಪಟ್ಟು ಉದ್ದ! ಇಂಥ ಅಲೆ ದೋಣಿಯ ಅಡಿಯಲ್ಲೇ ಹಾದುಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಆದರೆ 1950ರ ದಶಕದಲ್ಲಿ ಮೆಕ್ಸಿಕೋದ ಗ್ವಾಡಲೂಪ್ ದ್ವೀಪದ ಬಳಿ, ಕಡಲತಳದಲ್ಲಿ ಕೂರಿಸಿದ್ದ ಒಂದು ಒತ್ತಡಮಾಪಕ ಅದನ್ನು ಹಿಡಿಯಿತು. ಅದು ಎಲ್ಲಿಂದ ಹೊರಟಿತ್ತೆಂದು ಲೆಕ್ಕ ಹಾಕಿದರೆ, ಆ ದೂರಕ್ಕೆ ಇಡೀ ಶಾಂತ ಸಾಗರವೂ ಸಾಲಲಿಲ್ಲ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಎದ್ದ ಬಿರುಗಾಳಿಯೇ ಅದರ ತವರು. ಆಸ್ಟ್ರೇಲಿಯಾ ಮತ್ತು ಅಂಟಾರ್ಕ್ಟಿಕಾದ ನಡುವೆ ನುಸುಳಿ, ಹೆಚ್ಚುಕಡಿಮೆ ಅರ್ಧ ಭೂಮಿ ದಾಟಿ ಅದು ಬಂದಿತ್ತು.

ಈ ಲೆಕ್ಕ ಹಾಕಿದವರು ವಾಲ್ಟರ್ ಮಂಕ್ ಮತ್ತು ಅವರ ಸಹೋದ್ಯೋಗಿ ಫ್ರಾಂಕ್ ಸ್ನೋಡ್‌ಗ್ರಾಸ್. 1917ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಹುಟ್ಟಿದ ಮಂಕ್, 1939ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ಮೆಟ್ಟಿಲು ಹತ್ತಿದರು. 2019ರಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಮನೆಯಂತಿತ್ತು.

ದೂರದ ಲೆಕ್ಕ ಸಿಗುವುದು ಹೀಗೆ. ಆಳ ಕಡಲಿನಲ್ಲಿ ಉದ್ದನೆಯ ಅಲೆ ಮುಂದೆ ಓಡುತ್ತದೆ, ಗಿಡ್ಡ ಅಲೆ ಹಿಂದುಳಿಯುತ್ತದೆ. 20 ಸೆಕೆಂಡಿಗೊಂದರಂತೆ ಬರುವ ಅಲೆಗಳ ಗುಂಪು ಗಂಟೆಗೆ ಸುಮಾರು 56 ಕಿ.ಮೀ. ಸಾಗಿದರೆ, 14 ಸೆಕೆಂಡಿಗೊಂದರಂತೆ ಬರುವ ಗುಂಪು ಸುಮಾರು 39 ಕಿ.ಮೀ. ಮಾತ್ರ ಸಾಗುತ್ತದೆ. ಎರಡೂ ಒಂದೇ ಬಿರುಗಾಳಿಯಿಂದ ಒಟ್ಟಿಗೆ ಹೊರಟವು ಎನ್ನಿ. 1,000 ಕಿ.ಮೀ. ದೂರದ ದಡಕ್ಕೆ ಎರಡನೆಯದು ಏಳೆಂಟು ಗಂಟೆ ತಡವಾಗಿ ಬರುತ್ತದೆ. 10,000 ಕಿ.ಮೀ. ದೂರದಲ್ಲಾದರೆ ಮೂರು ದಿನಕ್ಕೂ ಹೆಚ್ಚು ತಡ. ದಡದಲ್ಲಿ ಕೂತು ಈ ಅಂತರ ಅಳೆದರೆ ಸಾಕು, ಕಾಣದ ಬಿರುಗಾಳಿ ಎಷ್ಟು ದೂರದಲ್ಲಿ, ಯಾವ ದಿನ ಎದ್ದಿತ್ತು ಎಂಬುದು ತಿಳಿಯುತ್ತದೆ.

ಅಲೆಯ ಲೆಕ್ಕ ಮಂಕ್ ಅವರಿಗೆ ಅಂಟಿದ್ದು ಯುದ್ಧದ ಕಾಲದಲ್ಲಿ. 1942ರಲ್ಲಿ ಮಿತ್ರಪಡೆಗಳು ವಾಯವ್ಯ ಆಫ್ರಿಕಾದ ದಡಕ್ಕೆ ಸೈನಿಕರನ್ನು ಇಳಿಸಲು ಸಜ್ಜಾಗುತ್ತಿದ್ದವು. ಅಮೆರಿಕದ ಕ್ಯಾರೊಲೈನಾ ಕರಾವಳಿಯಲ್ಲಿ ನಡೆದ ತಾಲೀಮಿನಲ್ಲಿ ಅಲೆ ಐದಾರು ಅಡಿ ಏರಿದರೆ ಸಾಕು, ದೋಣಿಗಳು ಅಡ್ಡ ತಿರುಗಿ ನೀರು ತುಂಬಿಕೊಳ್ಳುತ್ತಿದ್ದವು. ಆಫ್ರಿಕಾದ ಆ ದಡದಲ್ಲಿ ಚಳಿಗಾಲದ ಅಲೆಗಳು ಅದಕ್ಕಿಂತ ಎತ್ತರವೆಂದು ದಾಖಲೆಗಳಲ್ಲಿ ಕಂಡ ಮಂಕ್, ತಮ್ಮ ಗುರು ಹರಾಲ್ಡ್ ಸ್ವೆರ್‌ಡ್ರಪ್ ಅವರನ್ನು ಕರೆಸಿಕೊಂಡರು. ಗಾಳಿಯ ವೇಗ, ಅದು ಬೀಸಿದ ಅವಧಿ, ಬೀಸಿದ ನೀರಿನ ಹರವು, ಈ ಮೂರರಿಂದ ದಡದ ಅಲೆಯ ಎತ್ತರವನ್ನು ಮುಂಚಿತವಾಗಿ ಹೇಳುವ ವಿಧಾನವನ್ನು ಇಬ್ಬರೂ ಸೇರಿ ಕಟ್ಟಿದರು. ಇನ್ನೂರಕ್ಕೂ ಹೆಚ್ಚು ಸೇನಾ ಹವಾಮಾನ ಅಧಿಕಾರಿಗಳು ಅದನ್ನು ಸ್ಕ್ರಿಪ್ಸ್‌ನಲ್ಲಿ ಕಲಿತರು. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಇಳಿದಾಗ ಅಲೆಯ ಮುನ್ಸೂಚನೆಗೆ ಆಧಾರವಾಗಿದ್ದುದು ಇದೇ ವಿಧಾನ.

ಅದೇ ಕೆಲಸದಿಂದ ಬಂದ ಒಂದು ಅಳತೆಯನ್ನು ಜಗತ್ತು ಇಂದಿಗೂ ಬಳಸುತ್ತಿದೆ. ದೋಣಿ ನಡೆಸುವವರನ್ನು ಅಲೆ ಎಷ್ಟೆತ್ತರವಿತ್ತು ಎಂದು ಕೇಳಿದರೆ, ಅವರು ಕಣ್ಣಂದಾಜಿನಲ್ಲಿ ಹೇಳುತ್ತಿದ್ದುದು ಎಲ್ಲ ಅಲೆಗಳ ಸರಾಸರಿಗಿಂತ ಹೆಚ್ಚಿರುತ್ತಿತ್ತು. ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿಗೆ ಅದು ಹೊಂದುತ್ತಿತ್ತು. ನಾವಿಕರ ಕಣ್ಣನ್ನು ನಂಬಿ ಆ ಅಂದಾಜನ್ನೇ ಅಳತೆಗೋಲು ಮಾಡಿಕೊಂಡದ್ದು ಆ ವಿಜ್ಞಾನದ ದೊಡ್ಡತನ.

ಗ್ವಾಡಲೂಪ್ ಎತ್ತಿದ ಪ್ರಶ್ನೆ ಒಂದಿತ್ತು: ಅಷ್ಟು ದೂರ ಬರುವ ದಾರಿಯಲ್ಲಿ ಅಲೆ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ? 1963ರಲ್ಲಿ ಮಂಕ್ ತಂಡ ಶಾಂತ ಸಾಗರಕ್ಕೇ ಅಡ್ಡಲಾಗಿ ಆರು ಠಾಣೆ ಹೂಡಿತು: ನ್ಯೂಜಿಲೆಂಡ್, ಸಮೋವಾ, ಪಾಲ್ಮೈರಾ, ಹವಾಯಿ, ಅಲಾಸ್ಕಾ, ಜೊತೆಗೆ ನಡುನೀರಿನಲ್ಲಿ 'ಫ್ಲಿಪ್' ಎಂಬ ತೇಲುಠಾಣೆ. 108 ಮೀಟರ್ ಉದ್ದದ ಈ ಫ್ಲಿಪ್, ತೊಟ್ಟಿಗಳಿಗೆ ನೀರು ತುಂಬಿಕೊಂಡು ಕಡಲಿನಲ್ಲಿ ನೆಟ್ಟಗೆ ನಿಲ್ಲುತ್ತಿತ್ತು. ಸುಮಾರು 90 ಮೀಟರ್ ನೀರೊಳಗೆ ಇರುತ್ತಿದ್ದುದರಿಂದ ಅಲೆಗಳ ನಡುವೆಯೂ ಅದು ಹೆಚ್ಚು ಕದಲುತ್ತಿರಲಿಲ್ಲ. ಸಮೋವಾದ ಠಾಣೆಯಲ್ಲಿ ಮಂಕ್ ಹೆಂಡತಿ ಮಕ್ಕಳೊಂದಿಗೆ ಉಳಿದರು. ದಕ್ಷಿಣದ ಬಿರುಗಾಳಿಗಳ ಅಲೆಗಳು ಒಂದೊಂದೇ ಠಾಣೆ ದಾಟಿ, 10,000 ಕಿ.ಮೀ.ಗೂ ಆಚೆ ಅಲಾಸ್ಕಾದ ದಡ ಮುಟ್ಟಿದವು. ಬಿರುಗಾಳಿಯ ಆಸುಪಾಸು ಬಿಟ್ಟ ಮೇಲೆ ಈ ಉದ್ದನೆಯ ಅಲೆಗಳ ಶಕ್ತಿ ದಾರಿಯಲ್ಲಿ ಸೋರಿಹೋಗುವುದು ಅತಿ ಕಡಿಮೆ ಎಂದು ಅಳತೆ ಹೇಳಿತು. ಹೊರಟ ನೀರು ಹೆಚ್ಚುಕಡಿಮೆ ಅಲ್ಲೇ ಉಳಿದಿತ್ತು. ಸಾಗರ ದಾಟಿದ್ದು ಬಿರುಗಾಳಿ ಕೊಟ್ಟ ಶಕ್ತಿ.

ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಅಂಥ ಬಿರುಗಾಳಿಗಳು ಅಲೆಗಳನ್ನು ಉತ್ತರಕ್ಕೂ ಅಟ್ಟುತ್ತವೆ. ಅಲ್ಲಿಂದ ನಮ್ಮ ಕರಾವಳಿ ಸುಮಾರು 7,000 ಕಿ.ಮೀ. 18 ಸೆಕೆಂಡಿಗೊಂದರಂತೆ ಬರುವ ಅಲೆಗಳ ಗುಂಪು ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಬಂದರೂ ಹೆಚ್ಚುಕಡಿಮೆ ಆರು ದಿನ ಬೇಕು. ಇಲ್ಲಿ ಗಾಳಿಯೇ ಇಲ್ಲದ ಬಿಸಿಲ ದಿನದಲ್ಲೂ ಕಡಲು ಒಮ್ಮೆಲೇ ಉಬ್ಬಿ ದಡಕ್ಕೆ ನುಗ್ಗುವುದಕ್ಕೆ ಇದೂ ಒಂದು ಕಾರಣ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ದಡಗಳಿಗೆ ಕೊಡುವ ಅಲೆ ಎಚ್ಚರಿಕೆಯ ಹಿಂದೆ ಇದೇ ವಿಜ್ಞಾನವಿದೆ. ದಕ್ಷಿಣದಲ್ಲಿ ಬಿರುಗಾಳಿ ಎದ್ದ ಹೊತ್ತಿಗೂ ಅದರ ಅಲೆ ಮಲ್ಪೆಗೆ ಬರುವ ಹೊತ್ತಿಗೂ ನಡುವೆ ಸಿಗುವ ಐದಾರು ದಿನ, ನಾಡದೋಣಿಗಳನ್ನು ಮೇಲೆಳೆದು ಬಲೆ ಎತ್ತಿಡಲು ಧಾರಾಳವಾಗಿ ಸಾಕು.