ಹೊಲಿಗೆ ಹಾಕಿದ ಹೊಟ್ಟೆ, ಹಳೆಯ ಬಾಣಂತನ

ಮಗು ನೋಡಲು ಬಂದವರ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದು. ಎರಡನೆಯದು, ‘ನಾರ್ಮಲ್ಲಾ, ಸಿಸೇರಿಯನ್ನಾ?’ ಸಿಸೇರಿಯನ್ ಎಂದರೆ ಕೆಲವರು ‘ಅಯ್ಯೋ ಪಾಪ’ ಅನ್ನುತ್ತಾರೆ. ಇನ್ನು ಕೆಲವರು ‘ಬಿಡಮ್ಮ, ನೋವು ತಿನ್ನೋದು ತಪ್ಪಿತು’ ಅನ್ನುತ್ತಾರೆ. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವುದು ಹೇಗೆಂದು ಯೋಚಿಸುತ್ತ ಮಲಗಿರುವ ಬಾಣಂತಿಗೆ ಈ ಎರಡು ಮಾತಿನಿಂದಲೂ ಏನೂ ಉಪಯೋಗವಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 23.6 ಇತ್ತು. ಇಡೀ ದೇಶದ ಲೆಕ್ಕ ತೆಗೆದರೆ ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಇವೆರಡರ ನಡುವಿನ ಅಂತರ ಬರೀ ವೈದ್ಯಕೀಯ ಕಾರಣದ್ದಲ್ಲ ಎಂಬುದು ಯಾರಿಗಾದರೂ ತಿಳಿಯುತ್ತದೆ. ಆ ಚರ್ಚೆ ಆಗಲೇಬೇಕು, ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ಆಸ್ಪತ್ರೆಗಳೇ ಹೊರತು ಹೊಟ್ಟೆ ಕೊಯ್ಯಿಸಿಕೊಂಡು ಮಲಗಿದವಳಲ್ಲ. ನನಗೆ ಇಲ್ಲಿ ಹೇಳಬೇಕೆನಿಸುವುದು ಬೇರೆಯೇ. ಮೂರರಲ್ಲಿ ಒಂದು ಹೆರಿಗೆ ಆಪರೇಷನ್ ಟೇಬಲ್ಲಿನ ಮೇಲೆ ಆಗುತ್ತಿರುವ ರಾಜ್ಯದಲ್ಲಿ ನಮ್ಮ ಬಾಣಂತನ ಮಾತ್ರ ಸಹಜ ಹೆರಿಗೆಯ ಲೆಕ್ಕದಲ್ಲೇ ನಡೆಯುತ್ತಿದೆ. ಎಣ್ಣೆ, ಬಿಸಿನೀರು, ಹೊಗೆ, ಪಥ್ಯ ಎಲ್ಲವೂ ಹೊಟ್ಟೆಯ ಮೇಲೆ ಗಾಯವಿಲ್ಲದ ಬಾಣಂತಿಗೆಂದು ಹುಟ್ಟಿಕೊಂಡ ಪದ್ಧತಿಗಳು.

ಆ ಗಾಯ ಎಷ್ಟು ಆಳದ್ದು ಎಂಬುದೇ ಮನೆಯವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಹೊರಗೆ ಕಾಣುವುದು ಕಿಬ್ಬೊಟ್ಟೆಯ ಕೆಳಗೆ ಅಡ್ಡಲಾಗಿ ಎಳೆದ ಒಂದು ಗೆರೆ. ಜರ್ಮನಿಯ ವೈದ್ಯ ಫಾನೆನ್‌ಸ್ಟೀಲ್ 1900ರಲ್ಲಿ ವಿವರಿಸಿದ ಈ ಅಡ್ಡ ಕೊಯ್ತ ಇಂದಿಗೂ ಆತನ ಹೆಸರಲ್ಲೇ ಇದೆ. ಚರ್ಮದ ಕೆಳಗೆ ಕೊಬ್ಬು, ಅದರ ಕೆಳಗೆ ಗಟ್ಟಿ ಪೊರೆ, ಆಮೇಲೆ ಸ್ನಾಯು. ಸ್ನಾಯುವನ್ನು ಸಾಮಾನ್ಯವಾಗಿ ಕತ್ತರಿಸದೆ ಎರಡೂ ಪಕ್ಕಕ್ಕೆ ಸರಿಸುತ್ತಾರೆ. ಅದರೊಳಗೆ ಹೊಟ್ಟೆಯ ತೆಳು ಪೊರೆ, ಕೊನೆಗೆ ಗರ್ಭಕೋಶದ ಗೋಡೆ. ಮಗು ಹೊರಬರಲು ಕೆಲವೇ ನಿಮಿಷ ಸಾಕು, ಹೊತ್ತು ಹಿಡಿಯುವುದು ಮತ್ತೆ ಹೊಲಿಯುವುದಕ್ಕೆ. ಚರ್ಮ ವಾರದಲ್ಲಿ ಕೂಡಿಕೊಂಡಿತೆಂದು ಒಳಗಿನದೆಲ್ಲ ಕೂಡಿಕೊಂಡಿತು ಎಂದಲ್ಲ. ಆರು ವಾರ ಭಾರ ಎತ್ತಬಾರದು ಎಂಬ ಮಾತು ಬರುವುದು ಇದಕ್ಕಾಗಿಯೇ.

ಸಿದ್ಧತೆ ಆಪರೇಷನ್ನಿನ ಹಿಂದಿನ ರಾತ್ರಿ ಶುರುವಾಗುವಂಥದ್ದಲ್ಲ. ಮೊದಲು ನೋಡಬೇಕಾದ್ದು ರಕ್ತ. 2019-21ರ ಅದೇ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ 52.2ರಷ್ಟು ಮಂದಿಗೆ ರಕ್ತಹೀನತೆ ಇದೆ. ಸಹಜ ಹೆರಿಗೆಯಲ್ಲಿ ಅರ್ಧ ಲೀಟರಿನವರೆಗೆ ರಕ್ತ ಹೋಗಬಹುದು, ಸಿಸೇರಿಯನ್ನಿನಲ್ಲಿ ಅದು ಒಂದು ಲೀಟರಿನ ಹತ್ತಿರ ಹೋಗಬಲ್ಲದು. ಹಿಮೋಗ್ಲೋಬಿನ್ ಎಂಟರಲ್ಲಿ ಇಟ್ಟುಕೊಂಡು ಟೇಬಲ್ ಏರುವುದಕ್ಕೂ ಹನ್ನೊಂದರಲ್ಲಿ ಏರುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಎರಡನೆಯ ದಿನ ಎದ್ದು ನಿಲ್ಲುವಾಗ ಗೊತ್ತಾಗುತ್ತದೆ. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ ಎಂದು ಡಬ್ಬಿಯಲ್ಲೇ ಬಿಟ್ಟವರು ವೈದ್ಯರಿಗೆ ಅದನ್ನು ಹೇಳಿಬಿಡುವುದು ಒಳ್ಳೆಯದು. ಮಾತ್ರೆ ಒಗ್ಗದಿದ್ದರೆ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ.

ದಿನ ಗೊತ್ತುಮಾಡಿ ಮಾಡುವ ಸಿಸೇರಿಯನ್ ಆದರೆ ನಮ್ಮಲ್ಲಿ ಪಂಚಾಂಗ ಹೊರಗೆ ಬರುತ್ತದೆ. ಒಳ್ಳೆಯ ನಕ್ಷತ್ರ, ಒಳ್ಳೆಯ ಲಗ್ನ ನೋಡುವುದಕ್ಕೆ ವೈದ್ಯರೂ ಎಷ್ಟೋ ಸಲ ಒಪ್ಪಿಕೊಳ್ಳುತ್ತಾರೆ. ಮೂವತ್ತೊಂಬತ್ತು ವಾರ ತುಂಬಿದ ಮೇಲಿನ ದಿನಗಳಲ್ಲಿ ಯಾವುದನ್ನು ಆರಿಸಿದರೂ ನನ್ನ ಅಡ್ಡಿ ಇಲ್ಲ. ಮುಹೂರ್ತಕ್ಕಾಗಿ ಮೂವತ್ತೇಳನೇ ವಾರದಲ್ಲೇ ಮಗುವನ್ನು ತೆಗೆಸಿ, ಉಸಿರಾಟದ ತೊಂದರೆಯಿಂದ ಅದನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುಗೆ ಸೇರಿಸುವ ಲಗ್ನ ಮಾತ್ರ ಯಾವ ಜಾತಕಕ್ಕೂ ಬೇಡ.

ಬೇಡದ ಇನ್ನೊಂದು ಕೆಲಸ ಮನೆಯಲ್ಲೇ ಬ್ಲೇಡ್ ಹಿಡಿದು ಕೂದಲು ತೆಗೆಯುವುದು. ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಕೂರುತ್ತದೆ. ಬೇಕಿದ್ದರೆ ಆಸ್ಪತ್ರೆಯವರೇ ಟ್ರಿಮ್ಮರಿನಿಂದ ಕತ್ತರಿಸುತ್ತಾರೆ. ಊಟ ಬಿಟ್ಟು ಆರು ಗಂಟೆಯಾಗಿರಬೇಕು, ನೀರು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು ಎಂಬುದು ಈಗಿನ ಸಾಮಾನ್ಯ ನಿಯಮ. ಆದರೂ ಕೆಲವು ಕಡೆ ರಾತ್ರಿಯಿಂದಲೇ ಬಾಯಿಗೆ ಬೀಗ ಹಾಕಿಸುತ್ತಾರೆ. ನಿಮ್ಮ ಅರಿವಳಿಕೆ ವೈದ್ಯರು ಏನು ಹೇಳುತ್ತಾರೆಂದು ಮೊದಲೇ ಕೇಳಿ. ಸಂತಾನಹರಣದ ತೀರ್ಮಾನವೂ ಮೊದಲೇ ಆಗಬೇಕು. ‘ಹೇಗೂ ಹೊಟ್ಟೆ ಕೊಯ್ದಿದೆಯಲ್ಲ, ಅದನ್ನೂ ಮಾಡಿಸಿಬಿಡಿ’ ಎಂದು ಓಟಿ ಬಾಗಿಲಲ್ಲಿ ಹಿರಿಯರು ಹೇಳುವ ಮಾತಿಗೆ, ನೋವಿನಲ್ಲಿರುವ ಹೆಣ್ಣು ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ.

ಇನ್ನು ಮನೆ. ತವರಿನಲ್ಲಿ ಬಾಣಂತಿ ಕೋಣೆ ಸಿದ್ಧವಾಗುತ್ತದೆ, ಕಿಟಕಿಗೆ ಪರದೆ ಬೀಳುತ್ತದೆ, ಸೌದೆ ಬಂದು ಬೀಳುತ್ತದೆ. ಆದರೆ ನೆಲದ ಮೇಲಿನ ಚಾಪೆಯಿಂದ ಹೊಲಿಗೆ ಹಾಕಿದ ಹೊಟ್ಟೆ ಎದ್ದೇಳುವುದು ಹೇಗೆಂದು ಯಾರೂ ಯೋಚಿಸಿರುವುದಿಲ್ಲ. ಮೊಣಕಾಲೆತ್ತರದ ಮಂಚ ಬೇಕು. ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆಯೇ ಇದ್ದರೆ ಅದರ ಮೇಲಿಡುವ ಕುರ್ಚಿ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ತೊಟ್ಟಿಲಿಗಿಂತ ಮೊದಲು ಅದನ್ನು ತನ್ನಿ. ಡೈಪರು, ನೀರಿನ ಫ್ಲಾಸ್ಕು, ಮೊಬೈಲ್ ಚಾರ್ಜರು ಎಲ್ಲ ಸೊಂಟದ ಎತ್ತರದಲ್ಲಿ ಕೈಗೆ ಸಿಗುವಂತಿರಲಿ. ಏಳುವ ರೀತಿಯನ್ನು ಮೊದಲೇ ರೂಢಿ ಮಾಡಿಕೊಳ್ಳಬೇಕು: ಮಂಡಿ ಮಡಚಿ, ಇಡೀ ಮೈಯನ್ನು ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗಿಳಿಸುತ್ತಲೇ ಕೈಯೂರಿ ಏಳುವುದು. ಮಲಗಿದಲ್ಲಿಂದ ನೇರವಾಗಿ ಎದ್ದು ಕೂರುವ ಅಭ್ಯಾಸವನ್ನು ಆರು ವಾರ ಮರೆಯಬೇಕು.

ಆಪರೇಷನ್ನಿಗೆ ಅರಿವಳಿಕೆಯೆಂದು ಕೊಡುವ ಬೆನ್ನಿನ ಇಂಜೆಕ್ಷನ್ನಿನ ಮೇಲೆ ನಮ್ಮವರಿಗಿರುವಷ್ಟು ಸಿಟ್ಟು ಕತ್ತರಿಯ ಮೇಲೂ ಇಲ್ಲ. ಹತ್ತು ವರ್ಷದ ನಂತರ ಸೊಂಟ ನೋವು ಬಂದರೂ ‘ಆ ಸೂಜಿಯಿಂದಲೇ’ ಅನ್ನುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ವರ್ಷಗಟ್ಟಲೆ ಕಾಡುವ ನೋವಿಗೆ ಹೆಚ್ಚಿನ ಸಲ ಕಾರಣ ಬಸಿರಿನಲ್ಲಿ ಸಡಿಲಾದ ಸ್ನಾಯುಗಳು, ಬಾಗಿ ಕೂತು ಹಾಲೂಡುವುದು, ಮಗು ಎತ್ತಿಕೊಂಡೇ ಮನೆಗೆಲಸ ಮಾಡುವುದು. ಎದ್ದು ಕೂತರೆ ಜೋರಾಗಿ, ಮಲಗಿದರೆ ಕಡಿಮೆಯಾಗುವ ತಲೆನೋವು ಮಾತ್ರ ಆ ಸೂಜಿಯಿಂದ ಬರಬಹುದು; ಅದಕ್ಕೆ ಚಿಕಿತ್ಸೆ ಇದೆ, ಹೇಳಿಕೊಳ್ಳಬೇಕು ಅಷ್ಟೇ. ಟೇಬಲ್ಲಿನ ಮೇಲೆ ಎಳೆದಂತೆ, ಒತ್ತಿದಂತೆ ಅನಿಸುತ್ತದೆ, ನೋವಿರುವುದಿಲ್ಲ. ಮೈ ಗಡಗಡ ನಡುಗುವುದೂ ಸಾಮಾನ್ಯ.

ಮೊದಲ ದಿನದಲ್ಲೇ ಬಾಣಂತನದ ಹಳೆಯ ನಿಯಮ ತಲೆಕೆಳಗಾಗುತ್ತದೆ. ‘ಹಸಿ ಮೈ, ಅಲುಗಾಡಬೇಡ’ ಎಂದು ಅಜ್ಜಿ ಹೇಳುತ್ತಿದ್ದರೆ, ‘ಕ್ಯಾತಿಟರ್ ತೆಗೀತೀನಿ, ಎದ್ದು ನಡೀಬೇಕು’ ಎಂದು ನರ್ಸ್ ಬಂದು ನಿಲ್ಲುತ್ತಾಳೆ. ನರ್ಸ್ ಹೇಳುವುದು ಸರಿ. ಬಸಿರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ, ಆಪರೇಷನ್ ಆದಾಗ ಅದು ಇನ್ನೂ ಹೆಚ್ಚುತ್ತದೆ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಗಟ್ಟಿಯಾದ ರಕ್ತ ಪುಪ್ಪುಸಕ್ಕೆ ಹೋಗಿ ಕೂರುವ ಅಪಾಯವಿದೆ. ನಡೆದರೆ ಕರುಳೂ ಎಚ್ಚರಗೊಳ್ಳುತ್ತದೆ. ಹೊಟ್ಟೆಯೊಳಗೆ ಸೇರಿಕೊಂಡ ಗಾಳಿಯ ನೋವು ಕೆಲವರಿಗೆ ಹೊಲಿಗೆಯ ನೋವಿಗಿಂತ ಹೆಚ್ಚು. ರೌಂಡ್ಸಿಗೆ ಬಂದ ಡಾಕ್ಟರು ‘ಗ್ಯಾಸ್ ಹೋಯ್ತಾ?’ ಎಂದು ಕೇಳಿದಾಗ ನಾಚಿಕೊಳ್ಳುವ ಅಗತ್ಯವಿಲ್ಲ. ಆ ವಾರ್ಡಿನಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ. ಕೆಮ್ಮು, ಸೀನು, ನಗು ಬಂದರೆ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯಬೇಕು. ನೋವಿನ ಮಾತ್ರೆಯನ್ನು ನೋವು ತಡೆಯಲಾಗದಷ್ಟಾಗುವವರೆಗೆ ಕಾಯದೆ ಹೇಳಿದ ಹೊತ್ತಿಗೆ ನುಂಗುವುದು ಜಾಣತನ. ಹಾಲೂಡುವಾಗ ಮಗುವನ್ನು ಹೊಟ್ಟೆಯ ಮೇಲೆ ಅಡ್ಡ ಮಲಗಿಸದೆ ಪಕ್ಕದಲ್ಲಿ ಕಂಕುಳ ಕೆಳಗಿನಿಂದ ಹಿಡಿದರೆ, ಅಥವಾ ಮಗ್ಗುಲಾಗಿ ಮಲಗಿಯೇ ಕೊಟ್ಟರೆ ಗಾಯಕ್ಕೆ ಒದೆ ಬೀಳುವುದಿಲ್ಲ. ಹಾಲಿಳಿಯುವುದು ಒಂದೆರಡು ದಿನ ತಡವಾಗಬಹುದು. ‘ಆಪರೇಷನ್ ಆದವಳಿಗೆ ಹಾಲೆಲ್ಲಿ ಬರುತ್ತೆ’ ಎಂದು ಪುಡಿ ಡಬ್ಬಿ ತರಲು ಓಡುವ ನೆಂಟರನ್ನು ಬಾಗಿಲಲ್ಲೇ ತಡೆಯಿರಿ.

ಮನೆಗೆ ಬಂದ ಮೇಲೆ ನಿಜವಾದ ಗುದ್ದಾಟ. ಎರೆಯುವ ಅಜ್ಜಿ ಬರುತ್ತಾರೆ, ಹಂಡೆಯಲ್ಲಿ ನೀರು ಕುದಿಯುತ್ತದೆ. ಮಣೆ ಮೇಲೆ ಕೂರಿಸಿ, ಹೊಟ್ಟೆ ನೀವಿ, ಬಿಸಿನೀರನ್ನು ರಪರಪನೆ ಹೊಡೆಯುವುದು ಸಿಸೇರಿಯನ್ ಆದವರಿಗಲ್ಲ. ಗಾಯದ ಸುತ್ತಲಿನ ಚರ್ಮಕ್ಕೆ ತಿಂಗಳುಗಟ್ಟಲೆ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ, ಸುಟ್ಟರೂ ಗೊತ್ತಾಗದೆ ಹೋಗಬಹುದು. ಕಾಲು, ಬೆನ್ನು, ತಲೆಗೆ ಎಣ್ಣೆ ಹಚ್ಚಲಿ, ಯಾರ ಅಭ್ಯಂತರವೂ ಇಲ್ಲ. ದಿನವಿಡೀ ಬಾಗಿ ಕೂತವಳಿಗೆ ಅದು ಹಾಯೆನಿಸುತ್ತದೆ. ಹೊಟ್ಟೆಯನ್ನು ಬಿಟ್ಟುಬಿಡಲಿ. ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಉಗುರುಬೆಚ್ಚನೆಯ ನೀರು ಹಾಕಿ, ಗಾಯವನ್ನು ಉಜ್ಜದೆ ಮೆತ್ತಗೆ ಒತ್ತಿ ಒರೆಸಿ ಒಣಗಿಸಿದರೆ ಆಯಿತು. ಸ್ನಾನದ ನಂತರದ ಲೋಬಾನದ ಹೊಗೆ ಕೋಣೆ ತುಂಬ ಪರಿಮಳವೇನೋ ಸರಿ, ಆದರೆ ಹೊಗೆಗೆ ಕೆಮ್ಮು, ಕೆಮ್ಮಿಗೆ ಹೊಲಿಗೆಯ ನೋವು, ಮಗುವಿನ ಪುಟ್ಟ ಪುಪ್ಪುಸಕ್ಕೂ ತೊಂದರೆ. ಹೊಟ್ಟೆಗೆ ಸೀರೆ ಬಿಗಿಯುವುದರಿಂದ ಹೊಟ್ಟೆ ಕರಗುವುದಿಲ್ಲ. ಎಲಾಸ್ಟಿಕ್ ಬೆಲ್ಟು ನಡೆಯುವಾಗ ಒಂದಿಷ್ಟು ಆಸರೆ ಕೊಡುತ್ತದೆ. ಮಲಗುವಾಗ ಬಿಚ್ಚಿಡಬೇಕು, ಗಾಯ ಬೆವರಬಾರದು.

ಎಲ್ಲಕ್ಕಿಂತ ದೊಡ್ಡ ಜಗಳ ತಟ್ಟೆಯ ಮೇಲೆ. ‘ಬೇಳೆ ನಂಜು, ಹೊಲಿಗೆ ಕೀವಾಗುತ್ತೆ. ಬದನೆ ಬೇಡ. ಹಣ್ಣು ಥಂಡಿ. ನೀರು ಕುಡಿದರೆ ಹೊಟ್ಟೆ ಬರುತ್ತೆ.’ ಉಳಿಯುವುದು ಅನ್ನ, ತುಪ್ಪ, ಮೆಣಸಿನ ಸಾರು. ಗಾಯ ಮಾಯಲು ಬೇಕಾದ್ದು ಪ್ರೋಟೀನು, ಅಂದರೆ ಬೇಳೆ, ಕಾಳು, ಮೊಟ್ಟೆ, ಹಾಲು. ಕೀವಾಗುವುದು ಸೋಂಕಿನಿಂದ, ತೊಗರಿಬೇಳೆಯಿಂದಲ್ಲ. ನೀರು ಕಡಿಮೆ ಕುಡಿದರೆ ಮಲ ಕಟ್ಟುತ್ತದೆ, ಮುಕ್ಕಬೇಕಾಗುತ್ತದೆ, ಮುಕ್ಕಿದಷ್ಟೂ ಹೊಲಿಗೆ ಎಳೆಯುತ್ತದೆ. ಹಾಲೂಡುವವಳಿಗೆ ಬಾಯಾರಿಕೆಯೂ ಹೆಚ್ಚು. ಉತ್ತರ ಕರ್ನಾಟಕದ ಅಂಟಿನುಂಡೆ, ಅಳವಿ ಪಾಯಸ, ಸಬ್ಬಸಿಗೆ ಸೊಪ್ಪಿನ ಪಲ್ಯ ಇವುಗಳ ಮೇಲೆ ನನ್ನ ತಕರಾರು ಏನೇನೂ ಇಲ್ಲ. ಅವುಗಳ ಜೊತೆ ಬೇಳೆಯೂ ಹಣ್ಣೂ ಇರಲಿ ಎನ್ನುವುದಷ್ಟೇ.

ಹಾಗಾದರೆ ಅಜ್ಜಿಯ ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದ್ದು ಯಾವುದು? ಅದರ ತಿರುಳು: ಹೆತ್ತವಳನ್ನು ಕೆಲಸದಿಂದ ಬಿಡಿಸಿ ಕೂರಿಸುವುದು. ವಿಪರ್ಯಾಸವೆಂದರೆ ಬೆಂಗಳೂರಿನ ಎರಡು ಕೋಣೆಯ ಮನೆಗಳಲ್ಲಿ ಮೊದಲು ಮಾಯವಾಗುತ್ತಿರುವುದೂ ಅದೇ. ಪಥ್ಯ ಪೂರ್ತಿ ಇರುತ್ತದೆ, ವಿಶ್ರಾಂತಿ ಇರುವುದಿಲ್ಲ. ಮಗುವಿಗಿಂತ ಭಾರವಾದದ್ದನ್ನು ಆರು ವಾರ ಎತ್ತಬಾರದು ಎಂದರೆ ನೀರಿನ ಬಿಂದಿಗೆ, ಗ್ಯಾಸ್ ಸಿಲಿಂಡರ್, ಮೊದಲ ಮಗು ಎಲ್ಲವೂ ಅದರಲ್ಲಿ ಸೇರಿವೆ. ರಾತ್ರಿ ಮಗುವನ್ನು ಎತ್ತಿ ಕೈಗೆ ಕೊಡುವುದು, ತೇಗಿಸುವುದು, ಬಟ್ಟೆ ಬದಲಿಸುವುದು ಗಂಡ ಕಲಿಯಲಾರದ ವಿದ್ಯೆಗಳೇನಲ್ಲ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ ಅದನ್ನು ದೃಷ್ಟಿ ತೆಗೆದು ಬಗೆಹರಿಸಲಾಗುವುದಿಲ್ಲ, ವೈದ್ಯರ ಹತ್ತಿರ ಕರೆದೊಯ್ಯಬೇಕು. ಹೊಟ್ಟೆ ಕೊಯ್ದರೂ ಯೋನಿಯಿಂದ ವಾರಗಟ್ಟಲೆ ರಕ್ತ ಹೋಗುತ್ತದೆ. ಇದನ್ನು ತಿಳಿಯದೆ ಬೆದರುವವರಿದ್ದಾರೆ. ಬೆದರಬೇಕಾದ್ದು ಗಂಟೆಗೊಂದು ಪ್ಯಾಡ್ ನೆನೆದಾಗ, ದುರ್ವಾಸನೆ ಬಂದಾಗ, ಜ್ವರ ನೂರು ದಾಟಿದಾಗ, ಹೊಲಿಗೆ ಕೆಂಪಾಗಿ ಒಸರಿದಾಗ, ಒಂದೇ ಮೀನಖಂಡ ಊದಿ ನೋಯುವಾಗ, ಉಸಿರು ಸಿಗದಾದಾಗ, ತಲೆ ಸಿಡಿದು ಕಣ್ಣು ಮಂಜಾದಾಗ. ಇವುಗಳಲ್ಲಿ ಯಾವುದಕ್ಕೂ ಬೆಳಗಾಗಲಿ ಎಂದು ಕಾಯುವಂತಿಲ್ಲ, 108ಕ್ಕೆ ಕರೆ ಮಾಡುವುದೇ.

ಇನ್ನು ಆಸ್ಪತ್ರೆಯ ಆಯ್ಕೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅನುಮಾನ ಹೋದದ್ದು ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅಂದಿನಿಂದ ‘ಸರ್ಕಾರಿ ಆಸ್ಪತ್ರೆಗೆ ಹೋಗಲ್ಲ’ ಎನ್ನುವವರ ಭಯಕ್ಕೆ ಕಾರಣವಿಲ್ಲ ಎನ್ನಲಾರೆ. ಆದರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಪೂರ್ತಿ ಉಚಿತ, ಔಷಧ, ರಕ್ತ, ಏಳು ದಿನದವರೆಗಿನ ಊಟ, ಮನೆಗೆ ಬಿಡುವ ವಾಹನ ಎಲ್ಲ ಸೇರಿ. ಏಳನೇ ದಿನದಿಂದ ನಲವತ್ತೆರಡನೇ ದಿನದವರೆಗೆ ಆಶಾ ಕಾರ್ಯಕರ್ತೆ ಐದು ಸಲ ಮನೆಗೆ ಬರಬೇಕು. ಬಾರದಿದ್ದರೆ ಕೇಳಿ ಕರೆಸಿಕೊಳ್ಳಿ.

ಡಿಸ್ಚಾರ್ಜ್ ಆಗುವ ದಿನ ಎಲ್ಲರ ಗಮನ ಬಿಲ್ಲಿನ ಮೇಲೆ, ಮಗುವಿನ ಟೋಪಿಯ ಮೇಲೆ. ಅಂದೇ ಡಿಸ್ಚಾರ್ಜ್ ಸಮ್ಮರಿಯನ್ನು ತೆಗೆದು ಓದಿ. ಸಿಸೇರಿಯನ್ ಯಾಕೆ ಮಾಡಿದರು, ಗರ್ಭಕೋಶವನ್ನು ಅಡ್ಡ ಕೊಯ್ದರೋ ಉದ್ದ ಕೊಯ್ದರೋ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ‘ಒಂದು ಸಲ ಆಪರೇಷನ್ ಆದರೆ ಮುಂದೆಯೂ ಆಪರೇಷನ್ನೇ’ ಎಂಬುದು ನಿಯಮವಲ್ಲ. ಕೆಳಭಾಗದಲ್ಲಿ ಅಡ್ಡ ಕೊಯ್ತವಾಗಿದ್ದು, ಮೊದಲ ಕಾರಣ ಮತ್ತೆ ಬಾರದಿದ್ದರೆ, ತುರ್ತು ಆಪರೇಷನ್ ಸೌಲಭ್ಯವಿರುವ ಕಡೆ ಸಹಜ ಹೆರಿಗೆಗೆ ಪ್ರಯತ್ನಿಸುವವರಲ್ಲಿ ನೂರಕ್ಕೆ ಅರವತ್ತರಿಂದ ಎಂಬತ್ತು ಮಂದಿಗೆ ಅದು ಆಗುತ್ತದೆ. ಹಳೆಯ ಹೊಲಿಗೆ ಬಿಡುವ ಅಪಾಯ ಸುಮಾರು ಇನ್ನೂರಕ್ಕೆ ಒಂದು. ಎರಡು ಬಸಿರಿನ ನಡುವೆ ಕನಿಷ್ಠ ಒಂದೂವರೆ ವರ್ಷ ಬಿಡುವು ಇರಬೇಕು. ಉದ್ದ ಕೊಯ್ತವಾದರೆ ಲೆಕ್ಕ ಬೇರೆ, ನೋವು ಬರುವ ಮೊದಲೇ ಮತ್ತೆ ಸಿಸೇರಿಯನ್ ಮಾಡಬೇಕಾಗುತ್ತದೆ. ಚರ್ಮದ ಮೇಲಿನ ಗೆರೆ ನೋಡಿ ಒಳಗಿನದನ್ನು ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ. ಆ ಹಾಳೆಯ ಫೋಟೊ ತೆಗೆದಿಟ್ಟು, ಮೂಲವನ್ನು ತಾಯಿ ಕಾರ್ಡಿನ ಜೊತೆ ಬೀರುವಿನಲ್ಲಿಡಿ.