ತಯಾರಾಗಬೇಕಾದವರು ಕೊಳ್ಳುವವರು

ಸರಬರಾಜುದಾರರೊಂದಿಗೆ ಬಹುಕಾಲ ಬಾಳುವ ಸಂಬಂಧ ಕಟ್ಟಿಕೊಳ್ಳಲು ನಮ್ಮ ಉದ್ದಿಮೆಗಳು ಎಷ್ಟು ತಯಾರಾಗಿವೆ ಎಂದು ಕೇಳಿದರೆ ಮಾತು ಬೇಗನೆ ಸಾಫ್ಟ್‌ವೇರ್, ಗುಣಮಟ್ಟದ ಸರ್ಟಿಫಿಕೇಟುಗಳ ಕಡೆಗೆ ಹೊರಳುತ್ತದೆ. ಸಣ್ಣ ಘಟಕದವರೇ ಹಿಂದೆ ಬಿದ್ದಿದ್ದಾರೆ ಎಂಬಲ್ಲಿಗೆ ಮುಗಿಯುತ್ತದೆ. ಬೆಂಗಳೂರಿನ ಪೂರ್ವಭಾಗದ ಚರಿತ್ರೆ ಇದನ್ನು ಒಪ್ಪುವುದಿಲ್ಲ. 1940ರಲ್ಲಿ ವಿಮಾನ ತಯಾರಿಸುವ ಎಚ್‌ಎಎಲ್, 1948ರಲ್ಲಿ ಕೆ.ಆರ್. ಪುರದ ಮಗ್ಗುಲಿನ ದೂರವಾಣಿನಗರದಲ್ಲಿ ದೂರವಾಣಿ ಉಪಕರಣ ಮಾಡುವ ಐಟಿಐ, ಮುಂದಿನ ದಶಕದಲ್ಲಿ ಬೈಯಪ್ಪನಹಳ್ಳಿಯಲ್ಲಿ ವಿದ್ಯುತ್ ಉಪಕರಣಗಳ ಎನ್‌ಜಿಇಎಫ್, 1964ರಲ್ಲಿ ಭಾರಿ ಯಂತ್ರಗಳ ಬಿಇಎಂಎಲ್ ಬಂದವು. ಇವುಗಳಿಗೆ ಬಿಡಿಭಾಗ ಮಾಡಿಕೊಡುತ್ತ ಸಣ್ಣ ಕಾರ್ಖಾನೆಗಳು ಬೆಳೆದವು, ಡ್ರಾಯಿಂಗ್ ನೋಡಿ ಅಳತೆ ತಪ್ಪದೆ ಕಡೆದುಕೊಡುವುದನ್ನು ಕಲಿತವು. ಕಸುಬಿಗೆ ಕೊರತೆಯಿರಲಿಲ್ಲ. ಆದರೆ ಒಬ್ಬನೇ ಗಿರಾಕಿಯ ಮಾಲಿಗೆಂದು ಡೈ, ಯಂತ್ರಗಳ ಮೇಲೆ ಹಣ ಹಾಕಿದವರ ಭವಿಷ್ಯ ಆ ಗಿರಾಕಿಯ ಕೈಯಲ್ಲೇ ಇರುತ್ತದೆ. ದೂರವಾಣಿ ವಿನಿಮಯ ಕೇಂದ್ರಗಳು ಎಲೆಕ್ಟ್ರಾನಿಕ್ ಆದಾಗ ಹಳೆಯ ಬಿಡಿಭಾಗ ಯಾರಿಗೂ ಬೇಡವಾಯಿತು. 2002ರಲ್ಲಿ ಎನ್‌ಜಿಇಎಫ್ ಬಾಗಿಲು ಹಾಕಿತು. ಮುಂದಿನ ಎರಡು ಮೂರು ವರ್ಷ ಏನು ಕೊಳ್ಳುತ್ತೇವೆ, ಏನು ನಿಲ್ಲಿಸುತ್ತೇವೆ ಎಂದು ಹೇಳಬಲ್ಲವರು ಕೊಳ್ಳುವವರು ಮಾತ್ರ. ಸನ್ನದ್ಧತೆಯ ಮೊದಲ ಪರೀಕ್ಷೆ ಅವರಿಗೇ.

ಎರಡನೆಯದು ಹಣದ ಪರೀಕ್ಷೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸೂಕ್ಷ್ಮ, ಸಣ್ಣ ಘಟಕಗಳ ಬಿಲ್ಲನ್ನು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ತೀರಿಸಬೇಕು. ತಡಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದೂ ಸಾಲದೆ 2018ರಲ್ಲಿ, ಬಾಕಿ ಬಿಲ್ಲಿನ ಮೇಲೆ ಬ್ಯಾಂಕುಗಳಿಂದ ಬೇಗ ಹಣ ದೊರಕಿಸುವ ಟ್ರೆಡ್ಸ್ ವೇದಿಕೆಗೆ 500 ಕೋಟಿ ರೂಪಾಯಿ ಮೀರಿದ ವಹಿವಾಟಿನ ಕಂಪನಿಗಳು ಸೇರಲೇಬೇಕೆಂದಾಯಿತು. 2024ರಲ್ಲಿ ಮಿತಿ 250 ಕೋಟಿಗೆ ಇಳಿಯಿತು. ನಡುವೆ 2023ರ ಹಣಕಾಸು ಕಾಯ್ದೆ, ಗಡುವು ಮೀರಿದ ಬಾಕಿಯನ್ನು ತೀರಿಸುವ ತನಕ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸದಂತೆ ಮಾಡಿತು. ಕೊಳ್ಳುವವರು ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರೆ ಹದಿನೆಂಟು ವರ್ಷದಲ್ಲಿ ಇಷ್ಟು ಬಿಗಿ ಬೇಕಾಗುತ್ತಿತ್ತೆ?

ಶಿವಾಜಿನಗರ, ಹಲಸೂರಿನ ಪೇಟೆಗಳಲ್ಲಿ ಉದ್ದರಿ ನಡೆಯುವುದೇ ನಂಬಿಕೆಯ ಮೇಲೆ, ಅಲ್ಲಿ ಲಿಖಿತ ಒಪ್ಪಂದ, ಗಡುವುಗಳ ಹೊಸ ಪದ್ಧತಿ ಏಕೆ ಎನ್ನುವವರಿದ್ದಾರೆ. ಆ ನಂಬಿಕೆ ದೊಡ್ಡದು, ನಿಜ. ಆದರೆ 2017ರ ಜಿಎಸ್‌ಟಿಯ ನಂತರ ಮಾಲು ಕೊಟ್ಟವನು ರಿಟರ್ನಿನಲ್ಲಿ ಬಿಲ್ಲು ತೋರಿಸದಿದ್ದರೆ ಕೊಂಡವನ ತೆರಿಗೆ ಜಮೆಗೇ ಪೆಟ್ಟು. ಬಾಯಿಮಾತು ಅದನ್ನು ತುಂಬಿಕೊಡದು. ಈ ಪೇಟೆಯವರಿಗೆ ಒಂದು ಅನ್ಯಾಯವೂ ಆಗಿದೆ. 2021ರಲ್ಲಿ ಸಗಟು, ಚಿಲ್ಲರೆ ವ್ಯಾಪಾರಿಗಳನ್ನು ಎಂಎಸ್‌ಎಂಇ ಪಟ್ಟಿಗೆ ಸೇರಿಸಿದ್ದು ಆದ್ಯತಾ ಸಾಲದ ಮಟ್ಟಿಗೆ ಮಾತ್ರ. 45 ದಿನದ ರಕ್ಷಣೆ ಅವರಿಗಿಲ್ಲ.

ಸರ್ಕಾರಿ ಖರೀದಿಯಲ್ಲಿ ಕಡಿಮೆ ದರದವರಿಗೇ ಕೊಡಬೇಕೆನ್ನುವ ಟೆಂಡರ್ ನಿಯಮವಿರುವಾಗ ಸಂಬಂಧದ ಮಾತೆಲ್ಲಿ ಎಂಬ ಆಕ್ಷೇಪ ತೂಕದ್ದು, ಏಕೆಂದರೆ ಅದು ಸಾರ್ವಜನಿಕ ಹಣ. ಆದರೂ ಕೇಂದ್ರದ ಖರೀದಿ ನೀತಿಯೇ ವರ್ಷದ ಖರೀದಿಯ ಶೇ 25ರಷ್ಟು ಸೂಕ್ಷ್ಮ, ಸಣ್ಣ ಘಟಕಗಳಿಂದ ಆಗಬೇಕೆನ್ನುತ್ತದೆ. ಅವರ ದರ ಕನಿಷ್ಠ ದರಕ್ಕಿಂತ ಶೇ 15ರವರೆಗೆ ಹೆಚ್ಚಿದ್ದರೆ ಕನಿಷ್ಠ ದರಕ್ಕೆ ಇಳಿದು ಒಂದು ಪಾಲು ಪಡೆಯುವ ಅವಕಾಶವನ್ನೂ ಕೊಡುತ್ತದೆ. ಖಾಸಗಿ ಕಂಪನಿಗಳಿಗಂತೂ ಟೆಂಡರಿನ ಕಟ್ಟೇ ಇಲ್ಲ. ಇಂದಿರಾನಗರದ ಕಚೇರಿಯಿಂದ ಮಹದೇವಪುರದ ವರ್ಕ್‌ಶಾಪಿಗೆ ಮುಂದಿನ ಮೂರು ತಿಂಗಳ ಬೇಡಿಕೆಯ ಅಂದಾಜು ಕಳಿಸಲು, ಮಾಲು ಏಕೆ ರಿಜೆಕ್ಟ್ ಆಯಿತೆಂದು ಅದೇ ವಾರ ಬರೆದು ತಿಳಿಸಲು ಯಾವ ಸಾಫ್ಟ್‌ವೇರೂ ಬೇಕಿಲ್ಲ. ಸನ್ನದ್ಧತೆಯ ಸಮೀಕ್ಷೆ ಮಾಡುವವರು ಮೊದಲು ಕೊಳ್ಳುವವರ ಬಳಿ ಈ ಎರಡು ಕಾಗದಗಳನ್ನೂ ಬಿಲ್ಲು ತೀರಿಸಿದ ತಾರೀಖುಗಳನ್ನೂ ಕೇಳಲಿ.